ಜಗ್ಗದ ಜೀಪು

ಮಗಳು ಯಾರನ್ನೋ ಮೆಚ್ಚಿದ್ದಾಳೆ, ಮನೆಯ ಜೀಪಿನಲ್ಲೇ ಓಡಿಹೋಗುವ ಹವಣಿಕೆಯಲ್ಲಿದ್ದಾಳೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸಾಹುಕಾರರು ಜೀಪನ್ನು ನೇರ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಅವಳಿಗೆ ಗಾಡಿ ಓಡಿಸಲು ಕಲಿಸಿದವರು ತಾವೇ ಎಂಬ ಸಂಕಟ ಬೇರೆ.

"ಬ್ರೇಕ್ ಲಾಕ್ ಕೂಡಸು. ಗುಂಡಿ ಒತ್ತಿದ್ರ ಗಾಲಿ ಅಲ್ಲಾಡಬಾರದು."

ಮೆಕ್ಯಾನಿಕ್ ತಲೆಯಾಡಿಸಿದ. "ಹುಡುಗ ಯಾರ್ರಿ, ಸಾವ್ಕಾರ್ರ?"

"ಗೊತ್ತಿದ್ರ ಜೀಪಿಗ್ಯಾಕ, ಅವನ ಕಾಲಿಗೇ ಲಾಕ್ ಹಾಕಸ್ತಿದ್ದೆ."

ಮೆಕ್ಯಾನಿಕ್ ಬಗ್ಗಿ ಕೆಲಸಕ್ಕಿಳಿದ. ಬ್ರೇಕ್ ಆಯಿಲಿನ ಪೈಪಿಗೆ ಕರೆಂಟಿನ ವಾಲ್ವ್ ಕೂರಿಸಿ, ಬ್ಯಾಟರಿಯಿಂದ ವೈರು ಎಳೆದು, ಗುಂಡಿಯನ್ನು ಸೀಟಿನಡಿ ಬಚ್ಚಿಟ್ಟ. ಸಾಹುಕಾರರು ಬ್ರೇಕ್ ತುಳಿದು ಗುಂಡಿ ಒತ್ತಿ ನೋಡಿದರು. ಇಬ್ಬರೂ ಸೇರಿ ತಳ್ಳಿದರೂ ಜೀಪು ಜಗ್ಗಲಿಲ್ಲ.

"ಗುಂಡಿ ಎಲ್ಲೈತಿ ಅಂತ ನಮ್ಮಿಬ್ಬರನ್ನ ಬಿಟ್ಟು ಮೂರನೇದವ್ರಿಗೆ ಗೊತ್ತಾಗಬಾರದು."

"ನನ್ನ ಬಾಯಿಂದ ಬರೂದಿಲ್ರಿ."

ಸಾಹುಕಾರರು ಅಂದು ರಾತ್ರಿ ಜೀಪನ್ನು ಅಂಗಳದಲ್ಲಿ ಲಾಕ್ ಮಾಡಿ ನಿಲ್ಲಿಸಿ, ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಜೀಪೂ ಇರಲಿಲ್ಲ, ಮನೆಯಲ್ಲಿ ಮಗಳೂ ಇರಲಿಲ್ಲ. ಎದೆ ಹಿಡಿದುಕೊಂಡು ಕೂತಾಗ ಫೋನು ಬಂತು. ಮೆಕ್ಯಾನಿಕ್‌ನ ದನಿ.

"ಜೀಪಿನ ಚಿಂತಿ ಬ್ಯಾಡ್ರಿ. ರಿಜಿಸ್ಟರ್ ಆಫೀಸಿನ ಮುಂದ ಲಾಕ್ ಮಾಡೇ ನಿಲ್ಲಿಸೇವಿ, ಮಾವಾರ."