ಟಾರಸ್ ಕೊಟ್ಟು ಇಂಪಾಲ ತಂದವನು

ಈ ಮುದುಕ ಕಾರು ಕೊಳ್ಳಲು ಬಂದವನಲ್ಲ ಎಂದು ಟ್ರೆಂಟ್‌ಗೆ ಹತ್ತೇ ನಿಮಿಷದಲ್ಲಿ ಅನುಮಾನ ಬಂತು. ಕೊಳ್ಳುವವರು ಸ್ಟಿಯರಿಂಗ್ ಹಿಡಿದು ನೋಡುತ್ತಾರೆ, ಎಂಜಿನ್ನಿನ ಸದ್ದು ಕೇಳುತ್ತಾರೆ. ಇವನು ನೇರವಾಗಿ ಹಿಂದಿನ ಬಾಗಿಲು ತೆಗೆದು, ಜೇಬಿನಿಂದ ಟೇಪು ಎಳೆದು, ಸೀಟಿನ ಈ ತುದಿಯಿಂದ ಆ ತುದಿಗೆ ಅಳತೆ ಹಿಡಿದಿದ್ದ. ಮೈಮೇಲೆ ಫೋರ್ಡ್ ಕಾರ್ಖಾನೆಯ ಜಾಕೆಟ್ಟು ಬೇರೆ. ಫೋರ್ಡಿನ ತವರಾದ ಡಿಯರ್‌ಬಾರ್ನಿನಲ್ಲಿ ಆ ಜಾಕೆಟ್ಟು ತೊಟ್ಟು ಎದುರಾಳಿ ಷೆವ್ರೊಲೆ ಅಂಗಡಿಗೆ ಕಾಲಿಡಲು ಎಂಟೆದೆ ಬೇಕು.

ಹೆಸರು ಡುಡೆಕ್. ಇಪ್ಪತ್ತೆಂಟು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ಕೆಲಸ.

“ಇದು ಕ್ರೂಜ್ ಯಜಮಾನ್ರೇ, ಚಿಕ್ಕದು. ನಿಮ್ಮವರ ಫೋಕಸ್‌ಗೆ ಸರಿಜೋಡಿ,” ಎಂದ ಟ್ರೆಂಟ್.

“ಎರಡೂ ಗೊಂಬೆ ಕಾರು. ಕಾಲು ಮಡಚ್ಕೊಂಡೇ ಇರ್ಬೇಕು.”

“ಹಂಗಾದ್ರೆ ಮಾಲಿಬು ನೋಡಿ. ಮಧ್ಯಮದ್ದು. ಫ್ಯೂಷನ್‌ನ ಎದುರಾಳಿ.”

ಡುಡೆಕ್ ಮಾಲಿಬುವಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಯೇ ಬಿಟ್ಟ. ಬೂಟುಗಳು ಬಾಗಿಲಿನಿಂದಾಚೆ ಉಳಿದವು. “ಫ್ಯೂಷನ್‌ಗೂ ಇದಕ್ಕೂ ಬೆರಳಷ್ಟು ವ್ಯತ್ಯಾಸ ಅಷ್ಟೇ. ಸಾಲ್ದು,” ಎಂದು ಎದ್ದ.

ಉಳಿದದ್ದು ದೊಡ್ಡ ಇಂಪಾಲ. ಒಂಬತ್ತು ವರ್ಷ ಹಳೆಯದು, ಹಿಂದಿನ ಗಾಜುಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ್ದರು. ಡುಡೆಕ್ ಅದರ ಸುತ್ತ ಒಂದು ಸುತ್ತು ಬಂದ. ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕಿದ. ಏನೂ ಕಾಣಲಿಲ್ಲ. ಅವನ ಮುಖ ಮೊದಲ ಸಲ ಸಡಿಲವಾಯಿತು.

“ಬಾಗಿಲು ತೆಗೆದ್ರೆ ಒಳಗಿನ ದೀಪ ತಾನಾಗೇ ಹತ್ತತ್ತಾ? ಆರಿಸಿಡಬೋದಾ?”

“ಆರಿಸಬೋದು. ಓಡಿಸಿ ನೋಡಲ್ವಾ?”

“ಓಡಿಸೋದೇನು, ಓಡತ್ತೆ ಬಿಡು.”

ಅವನು ಹೋಗಿ ತನ್ನ ಫೋರ್ಡ್ ಟಾರಸ್ಸಿನಿಂದ ಹೆಂಡತಿಯನ್ನು ಇಳಿಸಿಕೊಂಡು ಬಂದ. ಬರ್ನಿಸ್ ಎಲುಬಿನ ಗೂಡಾಗಿದ್ದಳು. ಶ್ವಾಸಕೋಶ ಕೆಟ್ಟು ಎರಡು ವರ್ಷ. ಕೆಮ್ಮು ಹಿಡಿದರೆ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ಎತ್ತಿ ಕೂರಿಸುವವರಿಲ್ಲದಿದ್ದರೆ ಉಸಿರೇ ಕಟ್ಟುತ್ತಿತ್ತು. ಅವಳ ಔಷಧಿಯ ಅರ್ಧ ಖರ್ಚನ್ನು ಗಂಡನ ಕೆಲಸದ ವಿಮೆ ಕೊಡುತ್ತಿತ್ತು, ಉಳಿದ ಅರ್ಧ ಖರ್ಚು ಸಂಬಳವನ್ನು ನುಂಗಿ ನೀರು ಕುಡಿಯುತ್ತಿತ್ತು. ಕೆಲಸ ಬಿಟ್ಟರೆ ಅವಳು ಬದುಕುವುದಿಲ್ಲ. ಕೆಲಸಕ್ಕೆ ಹೋದರೆ ಅವಳನ್ನು ನೋಡುವವರಿಲ್ಲ. ಆಸ್ಪತ್ರೆಗೆ ಮಲಗಿಸಿಕೊಂಡು ಓಡಾಡಬೇಕೇನೋ ಎಂದುಕೊಂಡ ಟ್ರೆಂಟ್‌ಗೆ ಪಾಪ ಅನ್ನಿಸಿತು.

“ಹೆಂಗಿದೆ?” ಎಂದು ಡುಡೆಕ್ ಅವಳನ್ನು ಇಂಪಾಲದ ಹಿಂದಿನ ಸೀಟಿನಲ್ಲಿ ಮಲಗಿಸಿ ಕೇಳಿದ.

“ಕಾಲು ಬಾಗಿಲಿಗೆ ತಾಗತ್ತೆ ಕಣೋ.”

“ಅದ್ರಲ್ಲೂ ತಾಗ್ತಿತ್ತಲ್ಲ.”

“ಇರ್ಲಿ ಬಿಡು. ನೀನು ಮಾಡ್ಸಿದ್ ಮಂಚ ಮಾತ್ರ ಚೆನ್ನಾಗಿತ್ತು.”

ಟ್ರೆಂಟ್ ಕಾರು ಮಾರುವವನಾದರೂ ಮನುಷ್ಯನೇ. ತಡೆಯಲಾಗದೆ ಹೇಳಿಬಿಟ್ಟ. “ಯಜಮಾನ್ರೇ, ನಮ್ ಮಾಲಕರಿಗೆ ಹೇಳ್ಬೇಡಿ. ನಿಮ್ ಟಾರಸ್ಸೇ ಹೊಸದು. ಡಿಕ್ಕಿನೂ ದೊಡ್ಡದು. ಅದನ್ನ ಕೊಟ್ಟು ಇದನ್ನ್ಯಾಕೆ ಹೊತ್ಕೊಂಡು ಹೋಗ್ತೀರಿ?”

“ಗೊತ್ತು. ಎಲ್ಲದ್ರಲ್ಲೂ ಟಾರಸ್ಸೇ ಮೇಲು.”

“ಮತ್ತೆ?”

“ಅದ್ರ ಮೂತಿ ಮೇಲಿರೋ ಹೆಸರು ನಂಗೆ ಆಗ್ಬರ್ತಿಲ್ಲ.”

ಮೇಲಿನವರ ಜೊತೆ ಜಗಳವಾಗಿರಬೇಕು. ಮುದುಕ ಸೇಡಿಗೆ ಬಿದ್ದಿದ್ದಾನೆ. ಟ್ರೆಂಟ್ ಹಾಗೇ ಲೆಕ್ಕ ಹಾಕಿದ. ಕಾಗದ ತುಂಬುವಾಗ ವಿಳಾಸದ ಜಾಗದಲ್ಲಿ ಡುಡೆಕ್‌ನ ಪೆನ್ನು ನಿಂತಿತು. ಕೊನೆಗೆ ಯೂನಿಯನ್ ಕಚೇರಿಯ ವಿಳಾಸ ಬರೆದ.

“ಮನೆ ಬದಲಾಯಿಸ್ತಾ ಇದೀವಿ,” ಎಂದ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿನ ಓರ್ವಿಲ್ ಇಂಪಾಲವನ್ನು ನೋಡಿ ಕಾಫಿ ಚೆಲ್ಲಿಕೊಂಡ. ಇಪ್ಪತ್ತು ವರ್ಷ ಇಸ್ಪೀಟಿನಲ್ಲಿ ಡುಡೆಕ್‌ನ ಜೋಡಿಯಾಗಿ ಆಡಿದವನು ಅವನು.

“ಲೇ ಡುಡೆಕ್, ತಲೆಗಿಲೆ ಕೆಟ್ಟಿದೆಯೇನೋ? ನಮ್ ಕೈಯಾರೆ ಮಾಡಿದ್ ಕಾರು ಸಾಲ್ದಾಯ್ತಾ ನಿಂಗೆ?”

“ಇದು ಅಗ್ಗಕ್ಕೆ ಸಿಕ್ತು.”

“ಅಗ್ಗಕ್ಕೆ ಸಿಕ್ತಂತೆ! ಕಟ್ಟಳೆ ಗೊತ್ತಲ್ಲ? ಮುಂದಿನ ಬಯಲು ನಮ್ ಕಾರಿಗೆ ಮಾತ್ರ. ಪರರ ಕಾರೆಲ್ಲ ಹಿಂದಕ್ಕೆ, ರೈಲು ಹಳಿ ಆಚೆ. ಕಾಲೆಳ್ಕೊಂಡು ಅರ್ಧ ಮೈಲಿ ನಡಿ, ಬುದ್ಧಿ ಬರತ್ತೆ.”

“ನಡೀತೀನಿ.”

“ಈ ಮುಂದಿನ ಬಯಲಲ್ಲಾದ್ರೆ ಗಂಟೆಗೊಂದ್ಸಲ ಸುತ್ತು ಹಾಕಿ ಒಂದೊಂದ್ ಕಾರೂ ಬಗ್ಗಿ ನೋಡ್ತೀನಿ. ಆ ಕಡೆಗೆ ನಾನು ಕಾಲೂ ಇಡಲ್ಲ. ಯಾರಾದ್ರೂ ಹೊತ್ಕೊಂಡೋದ್ರೆ ನನ್ ಕೇಳ್ಬೇಡ.”

“ಕೇಳಲ್ಲ.”

ಓರ್ವಿಲ್ ಕಿಟಕಿಗೆ ಬಾಗಿದ. “ಹಿಂದೇನದು ರಾಶಿ?”

“ಕಂಬಳಿ. ಒಗೆಯೋಕೆ ಕೊಡ್ಬೇಕು.”

“ಬರ್ನಿಸ್ ಹೆಂಗಿದಾಳೆ?”

“ಮನೇಲೇ ಇದಾಳೆ. ಮಲಗಿದಾಳೆ.”

“ಅವಳ ಮುಖ ನೋಡಿ ಇಷ್ಟಕ್ಕೆ ಬಿಟ್ಟಿದೀನಿ. ಶನಿವಾರ ಆಟಕ್ಕೆ ಬರ್ಬೇಡ. ಹುಡುಗ್ರು ನಿನ್ ಜೊತೆ ಕೂರಲ್ಲ.” ಓರ್ವಿಲ್‌ನ ದನಿ ಕೋಪಕ್ಕಿಂತ ನೋವಿನಿಂದ ಒಡೆದಿತ್ತು. ಡುಡೆಕ್‌ಗೆ ಅಲ್ಲೇ ಇಳಿದು ಅವನ ತೋಳು ಹಿಡಿದು ಅತ್ತುಬಿಡಬೇಕು ಅನ್ನಿಸಿತು. ಆದರೆ ಗಾಡಿಯನ್ನು ಹಿಂದಿನ ಬಯಲಿಗೆ ತಿರುಗಿಸಿದ.

ಹಳಿಯಾಚೆ ಒಣಹುಲ್ಲು, ಮುರಿದ ಬೇಲಿ, ದೂರ ದೂರ ನಿಂತ ನಾಲ್ಕು ಕಾರು. ಕಂಬದಲ್ಲಿ ಕ್ಯಾಮೆರಾ ಇರಲಿಲ್ಲ. ನವೆಂಬರಿನ ಗಾಳಿ ನೆಟ್ಟಗೆ ನದಿಯಿಂದ ಬೀಸುತ್ತಿತ್ತು. ಡುಡೆಕ್ ಬೇಲಿಯ ಮೂಲೆಗೆ ಕಾರು ಒತ್ತಿ ನಿಲ್ಲಿಸಿದ, ಎರಡೂ ಕಡೆ ನೋಡಿದ, ಹಿಂದಿನ ಬಾಗಿಲನ್ನು ಸದ್ದಾಗದಂತೆ ತೆರೆದ.

“ಈ ಕಡೆ ಯಾರೂ ಸುಳಿಯಲ್ಲ ಬರ್ನಿಸ್, ಇನ್ಮೇಲೆ ಇದೇ ನಮ್ಮನೆ,” ಎನ್ನುತ್ತಾ ಕಂಬಳಿಯ ರಾಶಿಯನ್ನು ಸರಿಸಿ ಅವಳ ಮೂಗಿಗೆ ಗಾಳಿಯಾಡುವಷ್ಟು ಜಾಗ ಮಾಡಿದ, “ಊಟದ ಬಿಡುವಿಗೆ ಓಡ್ಬರ್ತೀನಿ, ಅಲ್ಲೀವರ್ಗೂ ಕೆಮ್ಮು ಬಂದ್ರೆ ದಿಂಬಿಗೆ ಬಾಯಿ ಒತ್ಕೋ.”