ಓದಲು ಬಾರದ ಸಾಕ್ಷಿ

"ಇವಳೇ ನೋಡ್ರಿ ಸಾಕ್ಷಿ," ಎಂದು ಭೀಮೇಶ್ ಮಗಳನ್ನು ಮೇಜಿನ ಮುಂದೆ ನಿಲ್ಲಿಸಿದ. "ಮೂರನೇ ಕ್ಲಾಸಿನ್ಯಾಗ ಅದಾಳ. ಹುಷಾರಿ ಹುಡುಗಿ. ಆದ್ರ ಒಂದು ಸಾಲು ಓದಾಕ ಬರಂಗಿಲ್ಲ."

ಹಗರಿಬೊಮ್ಮನಹಳ್ಳಿಯ ಪ್ರವಾಸಿ ಮಂದಿರದಲ್ಲಿ ಅಹವಾಲು ಸಭೆ ನಡೆದಿತ್ತು. ಶಾಲಾ ಕಾಯ್ದೆಯಲ್ಲಿ ಏನೇನು ಬದಲಾಗಬೇಕು ಎಂದು ಜನರನ್ನೇ ಕೇಳಲು ಒಂದು ಸಮಿತಿ ಬಂದಿತ್ತು. ಜನರೋ, ಕಾಯ್ದೆಯ ಗೊಡವೆಗೇ ಹೋಗದೆ ಕಾಂಪೌಂಡು ಕೇಳಿದ್ದರು, ನೀರಿನ ಟ್ಯಾಂಕು ಕೇಳಿದ್ದರು, ಒಂದೇ ಊರಿನ ಇಬ್ಬರು ಒಂದೇ ಮೇಷ್ಟ್ರನ್ನು ವರ್ಗ ಮಾಡಿ ಎಂದೂ ಮಾಡಬೇಡಿ ಎಂದೂ ಕೇಳಿ ಹೋಗಿದ್ದರು. ಹಂಪಸಾಗರದ ಕಡೆಯಿಂದ ಬಂದ ಲೈನ್‌ಮನ್ ಭೀಮೇಶ್ ಒಬ್ಬನೇ ಕಾನೂನನ್ನೇ ಕೇಳಿದ್ದು. ಎರಡನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಅಕ್ಷರ ಕೂಡಿಸಿ ಓದಲು ಕಲಿಸಲೇಬೇಕು, ಅದಕ್ಕೆಂದೇ ತರಬೇತಾದ ಶಿಕ್ಷಕರನ್ನು ಕೊಡಬೇಕು, ಹಿಂದೆ ಬಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು, ಇದು ಯಾರ ಮರ್ಜಿಗೂ ಬಿಟ್ಟದ್ದಾಗಬಾರದು ಎಂಬುದು ಅವನ ಅರ್ಜಿ.

ದೊಡ್ಡವರ ಮುಂದೆ ನಾಲಿಗೆ ತೊಡರಬಾರದೆಂದು ಅವನು ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಆ ಅರ್ಜಿಯನ್ನು ಗಟ್ಟಿಯಾಗಿ ಓದಿ ರೂಢಿ ಮಾಡಿಕೊಂಡಿದ್ದ. "ನಿಮ್ಮ ಅರ್ಜಿ ನಮ್ಮ ಎಮ್ಮಿಗೂ ಬಾಯಿಪಾಠ ಆತು," ಎಂದು ಹೆಂಡತಿ ದುರುಗಮ್ಮ ರೊಟ್ಟಿ ಬಡಿಯುತ್ತಲೇ ನಕ್ಕಿದ್ದಳು. ಆದರೆ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಾಗ ಅವಳು ನಗಲಿಲ್ಲ. "ನಾಕು ಮಂದಿ ಮುಂದ ಕೂಸಿನ್ನ ದಡ್ಡಿ ಅಂತ ತೋರಿಸ್ತೀರೇನು?" ಎಂದಳು. ಸಾಕ್ಷಿ ಇಲ್ಲದೆ ಯಾರು ನಂಬುತ್ತಾರೆ ಎಂದು ಭೀಮೇಶ್ ಅವಳ ಬಾಯಿ ಮುಚ್ಚಿಸಿದ್ದ. ದಾರಿಯುದ್ದಕ್ಕೂ ಅವಳ ಆ ಮಾತು ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪ ಕನ್ನಡಕ ತೆಗೆದು ಹುಡುಗಿಯನ್ನು ನೋಡಿದರು. "ನಿಮ್ಮ ಸಾಲಿಯಾಗ ಮೇಷ್ಟ್ರು ಕಲಿಸಂಗಿಲ್ಲೇನ್ರಿ?"

"ಮೇಷ್ಟ್ರದೇನು ತಪ್ಪಿಲ್ರಿ. ಒಬ್ಬರೇ ಅದಾರ, ಮೂರು ಕ್ಲಾಸು ಒಂದೇ ಕೋಣ್ಯಾಗ. ಅವರು ಹೇಳ್ತಾರ, ಹುಡುಗ್ರು ಹಿಂದಿಂದ ಹೇಳ್ತಾವ. ಅಷ್ಟ."

"ಏನವ್ವ ನಿನ್ನ ಹೆಸರು?"

"ಕ್ರಾಂತಿ."

"ಬಾ ಇಲ್ಲೆ. ಇದನ್ನ ಓದು ನೋಡೋಣ." ಪಾಲಾಕ್ಷಪ್ಪ ಮೇಜಿನ ಮೇಲೆ ಬೇರೇನೂ ಕೈಗೆ ಸಿಗದೆ ಭೀಮೇಶ್ ಕೊಟ್ಟ ಅರ್ಜಿಯನ್ನೇ ಅವಳ ಮುಂದೆ ಹಿಡಿದರು.

ಕ್ರಾಂತಿ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. "ಮಾನ್ಯರೇ, ನಮ್ಮ ಮಕ್ಕಳು ದಿನಾಲೂ ಶಾಲೆಗೆ ಹೋಗುತ್ತಾರೆ. ಆದರೆ ಅವರಿಗೆ ಓದಲು ಬರುವುದಿಲ್ಲ. ಕೇಳಿದ್ದನ್ನು ಒಪ್ಪಿಸುವುದೇ ಓದು ಎಂದು ಅವರು ತಿಳಿದಿದ್ದಾರೆ. ಆದ್ದರಿಂದ..." ಒಂದು ಉಸಿರು ತೆಗೆದುಕೊಂಡು ಮುಂದುವರಿದಳು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ದನಿ ಎಲ್ಲೂ ತಡವರಿಸಲಿಲ್ಲ. "ಇಂತಿ ತಮ್ಮ ವಿಶ್ವಾಸಿ" ಎಂಬಲ್ಲಿಗೆ ಮುಟ್ಟಿದಾಗ ಹಿಂದಿನ ಕುರ್ಚಿಯವರು ಚಪ್ಪಾಳೆ ತಟ್ಟಿದರು.

"ಓದಾಕ ಬರಂಗಿಲ್ಲ ಅನ್ನೋದನ್ನ ಎಷ್ಟು ಚೆಂದ ಓದಿದಳಲ್ರಿ," ಎಂದು ಪಾಲಾಕ್ಷಪ್ಪ ಮನಸಾರೆ ನಕ್ಕರು. "ಈಗ ಈ ಅರ್ಜಿ ಇಟ್ಕೊಳ್ಳೋದೋ, ನಿಮಗ ವಾಪಸ್ ಕೊಡೋದೋ? ನೀವೇ ಹೇಳ್ರಿ."

ಭೀಮೇಶ್ ಬೆರಗಾದ. ಇವಳು ಯಾವಾಗ ಕಲಿತಳು? ಎದೆ ಸಂತೋಷದಿಂದ ತುಂಬಿತು. ಮರುಕ್ಷಣವೇ ಆ ಉಸಿರು ನೆನಪಾಯಿತು. ಕಟ್ಟೆಯ ಮೇಲೆ ತಾನು ಉಸಿರು ತೆಗೆದುಕೊಳ್ಳುತ್ತಿದ್ದದ್ದೂ ಅದೇ 'ಆದ್ದರಿಂದ'ದ ಹತ್ತಿರ. ಇರಲಿಕ್ಕಿಲ್ಲ, ಅಲ್ಲಿ ಯಾರೇ ಓದಿದರೂ ಉಸಿರಿಗೆ ನಿಲ್ಲುತ್ತಾರೆ ಎಂದುಕೊಂಡ. ಇದು ಬಾಯಿಪಾಠ ಎಂದು ಹೇಳಿದರೆ ಅರ್ಜಿ ಉಳಿಯುತ್ತದೆ, ಮಗಳು ಇಷ್ಟು ಜನರೆದುರು ಸುಳ್ಳುಗಾತಿಯಾಗುತ್ತಾಳೆ. ಹೇಳದಿದ್ದರೆ ಊರ ಮಕ್ಕಳಿಗಾಗಿ ಬಂದ ಕೆಲಸ ಮಣ್ಣುಗೂಡುತ್ತದೆ. ನಿಜಕ್ಕೂ ಓದಿದ್ದರೆ? ಕ್ರಾಂತಿ ಅವನತ್ತ ತಿರುಗಿ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಸರ್, ಅದು..."

"ಏನ್ರಿ?"

"ಏನಿಲ್ರಿ," ಎಂದ.

ಪಾಲಾಕ್ಷಪ್ಪ ಅರ್ಜಿಯನ್ನು ಮಡಚಿ ಅವನ ಕೈಗೇ ಕೊಟ್ಟು, ಮುಂದಿನವರನ್ನು ಕರೆದರು. ಅವರಿಗೂ ಕಾಂಪೌಂಡು ಬೇಕಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಅವನು ಮಗಳಿಗೆ ಮಂಡಕ್ಕಿ, ಮಿರ್ಚಿ ಕೊಡಿಸಿದ. "ಅಪ್ಪ, ನಾ ಚಲೋ ಓದಿದ್ನಾ?" ಎಂದು ಕೇಳಿದಳು. "ಚಲೋ ಓದಿದಿ," ಎಂದ. ಇನ್ನು ಏನೂ ಕೇಳಬಾರದು, ಸುಮ್ಮನೆ ಊರು ಸೇರಬೇಕು ಎಂದುಕೊಂಡೇ ಕೂತಿದ್ದ. ಆದರೆ ಬಸ್ಸೊಂದು ಬಂದು ಅವರೆದುರೇ ನಿಂತಾಗ ತಡೆಯಲಾಗಲಿಲ್ಲ.

"ಯಾವ ಊರಿನ ಬಸ್ಸದು? ಬೋರ್ಡ್ ಓದವ್ವ."

ಕ್ರಾಂತಿ ಖುಷಿಯಿಂದ ಎದ್ದು, ಎಣ್ಣೆಗೈಯನ್ನು ಲಂಗಕ್ಕೆ ಒರೆಸಿಕೊಂಡು, ತರಗತಿಯಲ್ಲಿ ನಿಲ್ಲುವ ಹಾಗೆ ಕೈಕಟ್ಟಿ ನಿಂತಳು. ಬೋರ್ಡನ್ನು ನೋಡಲಿಲ್ಲ, ಅಪ್ಪನ ಬಾಯಿಯನ್ನೇ ನೋಡುತ್ತ ಕಾದಳು.

"ಓದು."

"ಮೊದಲ ನೀ ಒಂದ್ಸಲ ಓದಪ," ಎಂದಳು, "ಆಮ್ಯಾಲ ನಾ ಓದ್ತೀನಿ."