ಚೀಟಿಬಟ್ಟೆಗೊಂದು ಚೀಟಿ

ಮೇಲ್ವಿಚಾರಕಿ ಮಿಸ್ ವೆದರ್‌ಬಿ ಬಣ್ಣದ ಚಿತ್ರ ಅಚ್ಚೊತ್ತಿದ ಚೀಟಿಬಟ್ಟೆಯ ತುಂಡನ್ನು ಚಾಚಿದೊಡನೆ ಹೆಸ್ಟರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಲಂಡನ್ನಿನ ಕೈದಿ ಹೆಂಗಸರನ್ನು ಗಡೀಪಾರಿಗೆ ಒಯ್ಯುತ್ತಿದ್ದ ಹಡಗಿನ ಡೆಕ್ಕಿನ ಮೇಲೆ ಉಳಿದವರೆಲ್ಲ ಕೌದಿ ಹೊಲಿಯಲು ದಾನದ ತುಂಡುಗಳಿಗೆ ಮುಗಿಬಿದ್ದಿದ್ದರು.

"ಯಾಕೇ, ಅದೇನು ಕಚ್ಚುತ್ತಾ?" ಪಕ್ಕದಲ್ಲಿದ್ದ ಕೈದಿ ಬಿಡ್ಡಿ ಮೊಣಕೈಯಿಂದ ತಿವಿದಳು.

"ಒಂದ್ಸಲ ಕಚ್ಚಿದೆ." ತುಂಡಿನ ಮೇಲೆ ಕೆಂಪು ಹಣ್ಣು ಕಚ್ಚಿದ ಹಸಿರು ಹಕ್ಕಿಯಿತ್ತು. ಇದೇ ಹಕ್ಕಿಯ ಮೂರು ಗಜ ಬಟ್ಟೆ ಅಂಗಡಿಯ ಬಾಗಿಲಲ್ಲೇ ಹೆಸ್ಟರಳ ಶಾಲಿನೊಳಗಿಂದ ಹೊರಗಿಣುಕಿ ಅವಳನ್ನು ಹಿಡಿದುಕೊಟ್ಟಿತ್ತು.

ಮಿಸ್ ವೆದರ್‌ಬಿ ಹುಬ್ಬು ಗಂಟಿಕ್ಕಿದಳು. "ತಗೋ ಅಂದ್ರೆ ತಗೋಬೇಕು. ಇಲ್ದಿದ್ರೆ ಮೂರು ದಿನ ಕತ್ತಲೆ ಕೋಣೆ."

"ತಗೋತೀನಿ ಅಮ್ಮಾವ್ರೇ," ಹೆಸ್ಟರ್ ಕೈ ಬಿಚ್ಚದೆಯೇ ಅಂದಳು. "ನೀವೇ ಕೈಯಾರೆ ಕೊಟ್ರಿ ಅಂತ ಒಂದು ಚೀಟಿ ಬರ್ಕೊಡಿ. ಹೋದ ಸಲ ನಾನೇ ತಗೊಂಡಿದ್ದಕ್ಕೆ ಏಳು ವರ್ಷ ಬಿತ್ತು."

ಮಿಸ್ ವೆದರ್‌ಬಿಯ ತುಟಿ ಅದುರಿತು. ಕೋಪಕ್ಕೋ ನಗೆಗೋ ಯಾರಿಗೂ ತಿಳಿಯಲಿಲ್ಲ, ಪೆನ್ಸಿಲಂತೂ ಹೊರಗೆ ಬಂತು. ಬರೆದು ಸಹಿ ಹಾಕಿ ಅವಳು ತಲೆಯೆತ್ತಿದಾಗ, ಬಿಡ್ಡಿ ಮೊದಲಾಗಿ ಎಲ್ಲ ಹೆಂಗಸರೂ ತಂತಮ್ಮ ತುಂಡುಗಳನ್ನು ಕೆಳಗಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲಾಗಿ ಕೂತಿದ್ದರು.